ಜಿಂಕೆಯ ನಡೆ, ಮನುಷ್ಯನ ನಡತೆ

ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದ ಮೊದಲನೆಯ ಅಂಕವನ್ನು ಮೂಲದಲ್ಲಾಗಲಿ ಬಸವಪ್ಪಶಾಸ್ತ್ರಿಗಳ ಕನ್ನಡದಲ್ಲಾಗಲಿ ಓದಿದವರಿಗೆ ಅಲ್ಲಿ ಬರುವ ಎರಡು ಬಗೆಯ ಜಿಂಕೆಗಳು ನೆನಪಿರಬೇಕು. ಒಂದು, ದುಷ್ಯಂತನ ಬಾಣಕ್ಕೆ ಅಂಜಿ ಪ್ರಾಣ ಹಿಡಿದುಕೊಂಡು ಓಡುವ ಜಿಂಕೆ. ಅದನ್ನು ಎಲ್ಲರೂ ಮೆಚ್ಚುತ್ತಾರೆ. ಇನ್ನೊಂದು ಬಗೆಯದನ್ನು ಅವಸರದ ಓದುಗರು ಗಮನಿಸದೆ ದಾಟಿಬಿಡುವುದುಂಟು. ಆಶ್ರಮ ಸಮೀಪಿಸಿತೆಂಬುದನ್ನು ದೊರೆ ಸಾರಥಿಗೆ ಕೆಲವು ಕುರುಹುಗಳಿಂದ ತಿಳಿಸುತ್ತಾನೆ. ಅವುಗಳಲ್ಲಿ ಒಂದು, ರಥದ ಸದ್ದು ಕೇಳಿದರೂ ಅಲ್ಲಿಯ ಜಿಂಕೆಗಳು ತಮ್ಮ ನಡಿಗೆಯನ್ನು ಬದಲಿಸುತ್ತಿಲ್ಲವೆಂಬುದು. ಅಲ್ಲಿ ಬೇಲಿ ಇರಲಿಲ್ಲ, ರಾಜಶಾಸನದ ಕಲ್ಲೂ ನೆಟ್ಟಿರಲಿಲ್ಲ. ಜಿಂಕೆಯ ನಡೆಯನ್ನು ನೋಡಿ, ಅದರ ನೆರೆಯಲ್ಲಿ ವಾಸಿಸುವ ಮನುಷ್ಯರ ನಡತೆ ಎಂಥದೆಂಬುದನ್ನು ಒಬ್ಬ ಬೇಟೆಗಾರ ನಿರ್ಣಯಿಸಿಬಿಟ್ಟ.

ಇದನ್ನು ಕೇವಲ ಕವಿಸಮಯವೆಂದು ತಳ್ಳಿಹಾಕುವುದು ಸುಲಭ. ಆದರೆ ಇದು ಕಾಡನ್ನು ಕಣ್ಣಾರೆ ಕಂಡವನ ಮಾತೆಂದು ನಾನು ನಂಬುತ್ತೇನೆ. ಈ ನಂಬಿಕೆಯನ್ನು ಒರೆಗೆ ಹಚ್ಚಬೇಕಾದರೆ ಇಂದು ನಾವು ನಮ್ಮ ದೇಶವನ್ನು ಬಿಟ್ಟು ಅಮೆರಿಕದ ಕಡೆಗೆ ನೋಡಬೇಕಾಗುತ್ತದೆ. ಏಕೆಂದರೆ, ಜಿಂಕೆಯ ಬೇಟೆಗೆ ಕಾನೂನೇ ಋತುವೊಂದನ್ನು ಗೊತ್ತುಮಾಡಿಕೊಟ್ಟು, ಆ ಋತುವಿನಲ್ಲಿ ಜಿಂಕೆಗಳು ಏನು ಮಾಡುತ್ತವೆಂಬುದನ್ನು ವಿದ್ವಾಂಸರು ಹೆಜ್ಜೆಹೆಜ್ಜೆಗೂ ಅಳೆದಿಟ್ಟಿರುವ ನಾಡು ಅದು.

ಅಲ್ಲಿಯ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಕೋವಿಯ ಬೇಟೆಯ ಮುಖ್ಯ ಕಾಲ ಒಂಬತ್ತು ದಿನ. ನವೆಂಬರಿನ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಅದು ಮೊದಲಾಗುತ್ತದೆ. ಆ ಒಂದು ಸಂಸ್ಥಾನದಲ್ಲೇ ಐದು ಲಕ್ಷಕ್ಕೂ ಮೀರಿದ ಜನ ಪರವಾನಗಿ ಪಡೆದು ಕಾಡು ಹೊಕ್ಕುತ್ತಾರೆ. ಪೆನ್ಸಿಲ್ವೇನಿಯದಲ್ಲಿ ಬಹುಕಾಲ ಹಬ್ಬದ ಮರುವಾರದ ಸೋಮವಾರವೇ ಬೇಟೆಯ ಮೊದಲ ದಿನವಾಗಿತ್ತು. ಅಂದು ಅನೇಕ ಊರುಗಳಲ್ಲಿ ಶಾಲೆಗಳಿಗೂ ರಜೆ. 2019ರಲ್ಲಿ ಆ ಪದ್ಧತಿಯನ್ನು ಬದಲಿಸಿ ಶನಿವಾರಕ್ಕೆ ತಂದರು. ತಾತ, ತಂದೆ, ಮಗ ಮೂವರೂ ಒಂದೇ ಬಿಡಾರದಲ್ಲಿ ಕೂಡುವ ಈ ದಿನಗಳು ಅವರಿಗೆ ನಮ್ಮ ಊರಹಬ್ಬವಿದ್ದಂತೆ. ಇದನ್ನೆಲ್ಲ ಬರಿಯ ಕ್ರೌರ್ಯವೆಂದು ಕರೆದು ಕೈತೊಳೆದುಕೊಂಡರೆ ನಾವು ಆ ಜನರಿಗೆ ಅನ್ಯಾಯ ಮಾಡಿದಂತಾದೀತು.

ಇನ್ನು ಜಿಂಕೆಯ ಪಾಲಿಗೆ ಈ ಕಾಲ ಎಂಥದು? ಬಿಳಿಬಾಲದ ಜಿಂಕೆಗಳಿಗೆ ಅಲ್ಲಿ ಶರತ್ಕಾಲವೇ ಬೆದೆಗಾಲ. ಉತ್ತರದ ಸಂಸ್ಥಾನಗಳಲ್ಲಿ ನವೆಂಬರಿನ ನಡುವೆ ಅದು ಉಚ್ಚಮಟ್ಟದಲ್ಲಿರುತ್ತದೆ. ಉಳಿದ ತಿಂಗಳುಗಳಲ್ಲಿ ಪೊದೆಯ ಮರೆ ಬಿಟ್ಟು ಬಾರದ ಗಂಡು, ಈಗ ಹೆಣ್ಣನ್ನು ಅರಸುತ್ತ ಹಗಲೆನ್ನದೆ ಇರುಳೆನ್ನದೆ ಅಲೆಯುತ್ತದೆ. ಮುಂದೆ ಬರಲಿರುವ ಹಿಮದ ತಿಂಗಳುಗಳಿಗಾಗಿ ಓಕ್ ಮರದ ಕಾಯಿಗಳನ್ನು ಮೆದ್ದು ಮೈಯಲ್ಲಿ ಕೊಬ್ಬು ಕೂಡಿಡಬೇಕಾದ ಕಾಲವೂ ಇದೇ. ಒಲವು ಮತ್ತು ಹಸಿವು ಎರಡೂ ಹೊರಗೆ ಬಾ ಎಂದು ಕರೆಯುವ ಹೊತ್ತಿಗೆ ಸರಿಯಾಗಿ ಕೋವಿಯೂ ಹೊರಗೆ ಬಂದು ಕುಳಿತಿರುತ್ತದೆ.

ಬೇಟೆಯ ಮೊದಲ ಎರಡು ದಿನ ಕಳೆದ ಮೇಲೆ ಅಲ್ಲಿಯ ಬೇಟೆಗಾರರು ಹೇಳುವ ಮಾತೊಂದಿದೆ: ‘ಜಿಂಕೆಗಳೆಲ್ಲ ಊರು ಬಿಟ್ಟು ಹೋದವು.’ ನಿನ್ನೆ ಮೊನ್ನೆ ತುಂಬಿದ್ದ ಕಾಡು ಇಂದು ಬರಿದಾಗಿ ಕಾಣುತ್ತದೆ. ಆದರೆ ವಿಜ್ಞಾನಿಗಳು ಜಿಂಕೆಗಳ ಕೊರಳಿಗೆ ಜಿಪಿಎಸ್ ಪಟ್ಟಿಯನ್ನು ತೊಡಿಸಿ, ಅವುಗಳ ಸಂಚಾರವನ್ನು ಉಪಗ್ರಹಗಳ ನೆರವಿನಿಂದ ಗುರುತಿಸಿದಾಗ ಬೇರೆಯೇ ಕಥೆ ಹೊರಬಂದಿತು. ಬಹುಪಾಲು ಜಿಂಕೆಗಳು ತಮ್ಮ ಸೀಮೆಯನ್ನು ಬಿಟ್ಟು ಹೋಗಿರಲೇ ಇಲ್ಲ. ಅವು ಹಗಲಿನ ಓಡಾಟವನ್ನು ಕಡಮೆ ಮಾಡಿದ್ದವು. ತೆರೆದ ಬಯಲನ್ನು ಬಿಟ್ಟು ದಟ್ಟವಾದ ಪೊದೆಗಳನ್ನೂ ಜೌಗು ನೆಲವನ್ನೂ ಆಶ್ರಯಿಸಿದ್ದವು. ಬಯಲಿನ ಮೇವಿಗೆ ಇರುಳಿನಲ್ಲಿ ಬರುತ್ತಿದ್ದವು. ಬೇಟೆಗಾರ ಕುಳಿತ ಅಟ್ಟಣೆಯ ಸುತ್ತಣ ನೆಲವನ್ನು ಹಗಲಿನಲ್ಲಿ ಬಳಸಿಕೊಂಡು ಹೋಗಿ, ಕತ್ತಲಾದ ಮೇಲೆ ಅದೇ ನೆಲದಲ್ಲಿ ನಿಶ್ಚಿಂತೆಯಾಗಿ ಮೇಯುವ ಜಿಂಕೆಗಳೂ ಕಂಡುಬಂದವು. ಬರಿದಾದದ್ದು ಕಾಡಲ್ಲ, ಕಾಡಿನ ಹಗಲು.

ಇಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಒಂದು ಸಂಗತಿಯಿದೆ. ಅಲ್ಲಿಯ ಕಾನೂನಿನಂತೆ ಬೇಟೆಗೆ ಅಪ್ಪಣೆಯಿರುವುದು ಸೂರ್ಯೋದಯಕ್ಕೆ ಸುಮಾರು ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಆಸುಪಾಸಿನವರೆಗೆ ಮಾತ್ರ. ಅನಂತರ ಗುಂಡು ಹಾರಿಸುವುದು ಅಪರಾಧ. ಬೇಟೆಗಾರರು ಉಡುವ ಕಡುಕಿತ್ತಳೆ ಬಣ್ಣದ ಅಂಗಿಯೂ ಕಾನೂನಿನದೇ. ಜಿಂಕೆಯ ಕಣ್ಣಿಗೆ ಆ ಬಣ್ಣ ನಮಗೆ ಕಂಡಂತೆ ಕಾಣದು. ಮನುಷ್ಯ ಮನುಷ್ಯನನ್ನು ಜಿಂಕೆಯೆಂದು ಭ್ರಮಿಸಿ ಕೊಲ್ಲದಿರಲೆಂದು ಅದನ್ನು ವಿಧಿಸಿದ್ದಾರೆ. ಅಂಗಿಯ ವಿಧಿ ಮನುಷ್ಯನ ರಕ್ಷಣೆಗೆ. ಹೊತ್ತಿನ ವಿಧಿಯಾದರೋ, ಮಾಡಿದವರ ಉದ್ದೇಶ ಏನೇ ಇರಲಿ, ಜಿಂಕೆಗೂ ಒದಗಿತು. ಶಾಸನವನ್ನು ಓದಲಾರದ ಪ್ರಾಣಿ ಶಾಸನದ ಎಲ್ಲೆಯನ್ನು ಕೆಲವೇ ದಿನಗಳಲ್ಲಿ ಕಂಡುಕೊಂಡು, ಮನುಷ್ಯ ತನಗೆಂದು ಬಿಟ್ಟ ಕತ್ತಲನ್ನು ತನ್ನ ಆಶ್ರಮವನ್ನಾಗಿ ಮಾಡಿಕೊಂಡಿತು.

ಇದು ಜಿಂಕೆಯೊಂದರ ಕಥೆಯೂ ಅಲ್ಲ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು ಆರು ಖಂಡಗಳ 62 ಬಗೆಯ ಸಸ್ತನಿಗಳ ಮೇಲೆ ನಡೆದ 76 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಮನುಷ್ಯನ ಸುಳಿದಾಟ ಹೆಚ್ಚಿದೆಡೆಯಲ್ಲಿ ಪ್ರಾಣಿಗಳ ಇರುಳಿನ ಚಟುವಟಿಕೆ ಸರಾಸರಿ 1.36 ಪಟ್ಟಾಗಿತ್ತು. ಹಗಲಿಗೂ ಇರುಳಿಗೂ ಸಮಪಾಲು ಹಂಚಿಕೊಂಡು ಬಾಳುತ್ತಿದ್ದ ಪ್ರಾಣಿ, ನೂರರಲ್ಲಿ 68 ಪಾಲನ್ನು ಇರುಳಿಗೆ ಸರಿಸಿಕೊಂಡಿತೆಂದು ಇದರ ಅರ್ಥ. ಕೋವಿ ಹಿಡಿದವನಿಗೆ ಮಾತ್ರವಲ್ಲ, ಬರಿಗೈಯಲ್ಲಿ ವಿಹಾರಕ್ಕೆ ಬಂದವನಿಗೂ ಅವು ಹೀಗೆಯೇ ದಾರಿ ಬಿಟ್ಟುಕೊಟ್ಟಿದ್ದವು.

ಬೇಟೆಯ ಲೆಕ್ಕವನ್ನು ನಾವು ಸತ್ತವುಗಳ ತಲೆಯೆಣಿಸಿ ಮುಗಿಸುವುದು ವಾಡಿಕೆ. ಇಷ್ಟು ಹುಟ್ಟಿದವು, ಇಷ್ಟು ಸತ್ತವು, ಸಂತತಿಗೆ ಕೊರತೆಯಿಲ್ಲ ಎಂದರೆ ಲೆಕ್ಕ ಚುಕ್ತವಾಯಿತು. ನನ್ನ ಮಟ್ಟಿಗೆ ಈ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ: ಬದುಕಿ ಉಳಿದವು ಹೇಗೆ ಬದುಕುತ್ತವೆ? ಕೆನಡದ ಆಲ್ಬರ್ಟ ಪ್ರಾಂತ್ಯದಲ್ಲಿ ನಮ್ಮ ಕಡವೆಯ ಬಂಧುವಾದ ಎಲ್ಕ್ ಎಂಬ ದೊಡ್ಡ ಜಿಂಕೆಯ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹೆಚ್ಚು ಅಲೆಯುವ, ತೆರೆದ ಬಯಲಿಗೆ ಧೈರ್ಯವಾಗಿ ಬರುವ ಪ್ರಾಣಿಗಳು ಬೇಟೆಗೆ ಬಿದ್ದವು. ಅಡಗಿಕೊಂಡು ಮೆಲ್ಲನೆ ಸುಳಿಯುವಂಥವು ಉಳಿದವು. 2017ರಲ್ಲಿ ಅದೇ ಸೀಮೆಯ ಹೆಣ್ಣು ಎಲ್ಕ್‌ಗಳನ್ನು ಕುರಿತ ಇನ್ನೊಂದು ಅಧ್ಯಯನ ಬಂದಿತು. ವಯಸ್ಸಾದಂತೆಲ್ಲ ಅವು ತಮ್ಮ ನಡೆಯನ್ನು ತಿದ್ದಿಕೊಳ್ಳುತ್ತ ಹೋಗಿ, ಒಂಬತ್ತು ಹತ್ತು ವರ್ಷ ದಾಟಿದ ಮುದುಕಿಯರು ಬೇಟೆಗಾರನ ಕೈಗೆ ಸಿಕ್ಕುವುದೇ ದುರ್ಲಭವಾಗುತ್ತದೆಂದು ಅದು ತೋರಿಸಿತು. ಬಿಲ್ಲಿನ ಬೇಟೆಯ ಕಾಲಕ್ಕೂ ಕೋವಿಯ ಬೇಟೆಯ ಕಾಲಕ್ಕೂ ಇರುವ ಭೇದವನ್ನು ಕೂಡ ಅವು ಅರಿತಿದ್ದವಂತೆ. ಹುಲಿ ತೋಳಗಳು ಬಹುಮಟ್ಟಿಗೆ ಎಳೆಯದನ್ನೂ ಮುದಿಯದನ್ನೂ ರೋಗಿಯನ್ನೂ ಆರಿಸುತ್ತವೆ. ನಮ್ಮ ಗುಂಡು ಧೈರ್ಯವನ್ನೇ ಆರಿಸಿ ಕೊಲ್ಲುತ್ತದೆ. ಹೀಗೆ ತಲೆಮಾರುಗಳು ಸಂದರೆ ಒಂದು ಜಾತಿಯ ಸ್ವಭಾವವನ್ನೇ ನಾವು ತಿದ್ದಿ ಬರೆದಂತಾಗುವುದಿಲ್ಲವೆ?

ಹಾಗಾದರೆ ಬೇಟೆಯನ್ನು ಎಲ್ಲೆಡೆಯೂ ನಿಲ್ಲಿಸಿಬಿಡಬೇಕೆ ಎಂದು ವಾಚಕರು ಕೇಳಬಹುದು. ನಾನು ಅಷ್ಟು ದೂರ ಹೋಗಲಾರೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೊತ್ತುಗೊತ್ತಿಲ್ಲದ ಬೇಟೆಯಿಂದಲೂ ಮಾಂಸದ ವ್ಯಾಪಾರದಿಂದಲೂ ಅಮೆರಿಕದ ಬಿಳಿಬಾಲದ ಜಿಂಕೆಗಳು ಕೆಲವೇ ಲಕ್ಷಗಳಿಗೆ ಇಳಿದಿದ್ದವೆಂದು ಅಂದಾಜು. ಇಂದು ಅವು ಕೋಟಿಗಳಲ್ಲಿವೆ. ಅವನ್ನು ಉಳಿಸಿದ್ದರಲ್ಲಿ ಬೇಟೆಗೆ ಋತುವನ್ನೂ ಮಿತಿಯನ್ನೂ ವಿಧಿಸಿದ ಕಾನೂನುಗಳ ಪಾಲು ದೊಡ್ಡದು. 1937ರ ಶಾಸನದಂತೆ ಕೋವಿ ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಜೀವಿಗಳ ರಕ್ಷಣೆಗೇ ಸಲ್ಲುತ್ತದೆ. ವಿಸ್ಕಾನ್ಸಿನ್ನಿನ ಪ್ರಾಧ್ಯಾಪಕ ಆಲ್ಡೊ ಲಿಯೊಪೋಲ್ಡರು 1940ರ ದಶಕದಲ್ಲಿ, ಜಿಂಕೆಗಳು ಮಿತಿಮೀರಿ ಹೆಚ್ಚಿ ಕಾಡಿನ ಎಳೆಗಿಡಗಳನ್ನೆಲ್ಲ ತಿಂದುಹಾಕುತ್ತಿರುವುದನ್ನು ಕಂಡು, ಹಿಂಡನ್ನು ತಗ್ಗಿಸಬೇಕೆಂದು ವಾದಿಸಿ ಜನರ ಕೋಪಕ್ಕೆ ಗುರಿಯಾದರು. ತೋಳವನ್ನು ನಿರ್ಮೂಲ ಮಾಡಿದ ನಾಡು ಜಿಂಕೆಯನ್ನು ಕುರಿತು ಬರಿಯ ಮರುಕಪಟ್ಟರೆ ಕಾಡು ಉಳಿಯದೆಂಬ ಅವರ ಮಾತಿಗೆ ಇಂದಿಗೂ ಬೆಲೆಯಿದೆ.

ಆದುದರಿಂದ ನನ್ನ ವಾದ ಬೇಟೆಯ ಇರವು ಇಲ್ಲದಿರವನ್ನು ಕುರಿತದ್ದಲ್ಲ, ಅದರ ಎಲ್ಲೆಯನ್ನು ಕುರಿತದ್ದು. ಭಯವೆಂಬುದು ಜಿಂಕೆಗೆ ಹೊಸದಲ್ಲ. ಅದರ ಕಿವಿ, ಕಾಲು, ಕಣ್ಣುಗಳನ್ನು ರೂಪಿಸಿದ್ದೇ ಭಯ. ಆದಿ ಅಂತ್ಯಗಳಿರುವ ಭಯವನ್ನು ಅದು ಕಲಿಯಬಲ್ಲದು, ಅದರೊಡನೆ ಬಾಳಬಲ್ಲದು. ಒಂಬತ್ತು ದಿನಗಳ ಕೋವಿಗೆ, ಹಗಲಿನ ಕೋವಿಗೆ, ಇಂತಿಷ್ಟೇ ನೆಲದ ಕೋವಿಗೆ ಅದರಲ್ಲಿ ಉತ್ತರವಿದೆ. ಎಲ್ಲೆಯಿಲ್ಲದ ಭಯಕ್ಕೆ ಯಾವ ಉತ್ತರವೂ ಇಲ್ಲ.

ಈ ಮಾತು ನಮ್ಮ ನಾಡಿಗೂ ಸಲ್ಲುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇಂದು ನಮ್ಮಲ್ಲಿ ಜಿಂಕೆಯ ಬೇಟೆಗೆ ಋತುವೇ ಇಲ್ಲ. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಅಲ್ಲಿ ಸಂಜೆಯಾಗುತ್ತಲೇ ಚುಕ್ಕೆಜಿಂಕೆಗಳ ಹಿಂಡು ಅರಣ್ಯ ಇಲಾಖೆಯ ವಸತಿಗೃಹಗಳ ಬಯಲಿಗೆ ಬಂದು ಮೆಲುಕು ಹಾಕುತ್ತ ಮಲಗುವುದನ್ನು ನಾನೂ ಕಂಡಿದ್ದೇನೆ, ವಾಚಕರಲ್ಲಿ ಅನೇಕರೂ ಕಂಡಿರಬಹುದು. ಹುಲಿ ಚಿರತೆಗಳು ಮನುಷ್ಯನ ದೀಪದ ಬಳಿಗೆ ಬರಲು ಹಿಂಜರಿಯುತ್ತವೆಂಬುದನ್ನು ಅವು ಅರಿತಿವೆ. ವಿಸ್ಕಾನ್ಸಿನ್ನಿನ ಜಿಂಕೆ ಮನುಷ್ಯನಿಂದ ತಪ್ಪಿಸಿಕೊಳ್ಳಲು ಕತ್ತಲನ್ನು ಸೇರುತ್ತದೆ; ಬಂಡೀಪುರದ ಜಿಂಕೆ ಕತ್ತಲಿನಿಂದ ತಪ್ಪಿಸಿಕೊಳ್ಳಲು ಮನುಷ್ಯನ ಬಳಿ ಸಾರುತ್ತದೆ. ಇದನ್ನು ಕಂಡಾಗ ನಮಗೆ ಹೆಮ್ಮೆಯೆನಿಸುವುದು ಸಹಜ.

ಆದರೆ ಹೆಮ್ಮೆಗೆ ಕಡಿವಾಣವಿರಲಿ. ಕಾಡಂಚಿನ ಬೇಲಿಗಳಲ್ಲಿಯೂ ತೋಟಗಳ ಮಗ್ಗುಲಲ್ಲಿಯೂ ತಂತಿಯ ಉರುಳುಗಳು ಇಂದಿಗೂ ಕಾದಿರುತ್ತವೆ. ಕೋವಿ ಗದ್ದಲ ಮಾಡುತ್ತದೆ. ಒಂದು ಸತ್ತರೆ ಉಳಿದ ಹತ್ತಕ್ಕೆ ಪಾಠವಾಗುತ್ತದೆ. ಉರುಳಿಗೆ ಸದ್ದಿಲ್ಲ, ಮನುಷ್ಯನ ನೆರಳೂ ಅದರ ಬಳಿ ಇರುವುದಿಲ್ಲ, ಅದಕ್ಕೆ ಹಗಲು ಇರುಳೆಂಬ ಭೇದವೂ ಇಲ್ಲ. ಜಿಂಕೆಗೆಂದು ಹಾಸಿದ ಉರುಳಿನಲ್ಲಿ ಚಿರತೆಯೂ ಹುಲಿಯೂ ಸಿಕ್ಕಿ ಸತ್ತದ್ದುಂಟು. ಯಾವ ನಡೆಯಿಂದಲೂ ತಪ್ಪಿಸಿಕೊಳ್ಳಲಾಗದ ಬೇಟೆ ಇದು. ಇದರ ಮುಂದೆ ಅಮೆರಿಕದ ಬೇಟೆಗಾರನ ಒಂಬತ್ತು ದಿನ ಎಷ್ಟೋ ಧರ್ಮಯುಕ್ತವಾಗಿ ತೋರುತ್ತದೆ.

ಇನ್ನು ಇರುಳಿನ ಮಾತು. ಬಂಡೀಪುರವನ್ನು ಸೀಳಿಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿರ್ಬಂಧಿಸಲಾಯಿತು. ತುರ್ತಿನ ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ವ್ಯಾಪಾರಕ್ಕೆ ತೊಡಕೆಂದು, ಪ್ರಯಾಣಕ್ಕೆ ಬಳಸುದಾರಿಯೆಂದು, ಅದನ್ನು ತೆಗೆದುಹಾಕಬೇಕೆಂಬ ಒತ್ತಾಯ ಆಗಾಗ ಏಳುತ್ತಲೇ ಇರುತ್ತದೆ. ಕಾಡಿನ ಆಚೆ ಈಚೆ ಬಾಳುವವರ ಕಷ್ಟವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೂ ಆ ಒಂಬತ್ತು ಗಂಟೆಗಳನ್ನು ಬಿಟ್ಟುಕೊಡಬಾರದೆಂದು ನನ್ನ ಖಚಿತವಾದ ಅಭಿಪ್ರಾಯ. ಹಗಲನ್ನು ನಾವು ಆಗಲೇ ತೆಗೆದುಕೊಂಡಿದ್ದೇವೆ. ಹೊಲ, ದಾರಿ, ವಿಹಾರದ ಜೀಪು ಎಲ್ಲವೂ ಹಗಲಿನದು. ಬೇಟೆಯನ್ನೇ ಹಬ್ಬ ಮಾಡಿಕೊಂಡ ಜನ ಕೂಡ ಜಿಂಕೆಗೆ ಕತ್ತಲನ್ನು ಬಿಟ್ಟಿದ್ದಾರೆ. ಬೇಟೆಯನ್ನು ಬಿಟ್ಟೆವೆಂದು ಹೇಳಿಕೊಳ್ಳುವ ನಾವು ಅದನ್ನು ಕಸಿದುಕೊಂಡರೆ ಯಾವ ಮುಖದಿಂದ ಅಹಿಂಸೆಯ ಮಾತನಾಡೋಣ?

ಕಾಯಿದೆಯ ಪುಸ್ತಕದಲ್ಲಿ ಏನಿದೆಯೆಂಬುದನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ಎಣಿಕೆಯನ್ನು ಅಧಿಕಾರಿಗಳು ಮಾಡಲಿ. ನಮ್ಮಂಥ ಸಾಮಾನ್ಯರು ಕಾಡಿನ ದಾರಿಯಲ್ಲಿ ಹೋಗುವಾಗ ದುಷ್ಯಂತ ಮಾಡಿದ್ದನ್ನು ಮಾಡಬಹುದು: ಗಾಲಿಯ ಸದ್ದು ಕೇಳಿದ ಜಿಂಕೆ ಎತ್ತಿದ ಕಾಲನ್ನು ಹೇಗೆ ಊರುತ್ತದೆಂಬುದನ್ನು ನೋಡಬಹುದು. ಅದು ಮೇಯುತ್ತಲೇ ಇದ್ದರೆ ಆ ಸೀಮೆಯ ಜನ ಒಳ್ಳೆಯವರೆಂದು ತಿಳಿಯೋಣ. ಬೆಚ್ಚಿ ಪೊದೆ ಸೇರಿದರೆ, ಅದು ಓಡಿದ ದಿಕ್ಕಿಗಿಂತ ಅದನ್ನು ಓಡಿಸಿದ ಕಾರಣವನ್ನು ವಿಚಾರಿಸೋಣ.