ಯಜಮಾನರನ್ನು ಕಳಿಸಿ ಎಂದವರಿಗೆ

“ಅಮ್ಮಾ, ಇದನ್ನು ಮ್ಯೂಸಿಯಮ್ಮಿಗೆ ಕೊಡಿ. ಇಲ್ಲವೇ ಯಜಮಾನರನ್ನು ಕಳಿಸಿ, ಅವರಿಗೆ ಹೇಳ್ತೀನಿ.”

ಕಂಪ್ಯೂಟರ್ ಅಂಗಡಿಯ ಹುಡುಗ ನನ್ನ ಹಳೆಯ ಮೌಸನ್ನು ಸತ್ತ ಇಲಿಯ ಹಾಗೆ ಬಾಲ ಹಿಡಿದು ಎತ್ತಿ ಹೀಗೆಂದ. ನಮ್ಮ ಯಜಮಾನರಿಗೆ ಕಂಪ್ಯೂಟರ್ ಆನ್ ಮಾಡುವುದೂ ಗೊತ್ತಿಲ್ಲ. ಕೋಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು 1998ರಿಂದ ಮದುವೆಯ ಕರೆಯೋಲೆ, ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿರುವವಳು ನಾನು.

ನಡೆದದ್ದು ಇಷ್ಟೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಭದ್ರತೆಯ ಚಿಪ್ಪು ನನ್ನ ಸೆಕೆಂಡ್‌ಹ್ಯಾಂಡ್ ಯಂತ್ರದಲ್ಲಿಲ್ಲ. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನು ಹಾಕಿಕೊಂಡೆ. ಅದಕ್ಕೆ ದುಡ್ಡಿಲ್ಲ, ಒಳಗೇನಿದೆ ಎಂದು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು.

ಅದೇ ಹೊತ್ತಿಗೆ ಈಚಿನ ಪುಟ್ಟ ಮೌಸಿನಿಂದ ನನ್ನ ಹೆಬ್ಬೆರಳಿನ ಗಂಟು ನೋಯತೊಡಗಿತ್ತು. ಬೀರುವಿನಲ್ಲಿದ್ದ ಅಗಲ ಬೆನ್ನಿನ, ಮೂರು ಗುಂಡಿಯ ಹಳೆಯ ಮೌಸನ್ನು ತೆಗೆದೆ. ಅದರ ಪ್ಲಗ್ಗಿಗೆ ಒಂಬತ್ತು ರಂಧ್ರ. ಯಂತ್ರದ ಹಿಂದೆ ಒಂಬತ್ತು ಕಡ್ಡಿಯ ಸೀರಿಯಲ್ ಪೋರ್ಟ್ ಇನ್ನೂ ಇತ್ತು. ಸಿಕ್ಕಿಸಿದೆ. ಬಾಣ ಅಲುಗಲಿಲ್ಲ. ಅಂಗಡಿಗೆ ಹೋದದ್ದು ಆಗಲೇ.

ಮನೆಗೆ ಬಂದು ಎರಡು ದಿನ ಕೂತೆ. ಯುಎಸ್‌ಬಿ ಮೌಸ್ ಸಿಕ್ಕಿಸಿದ ಕೂಡಲೇ ತಾನು ಯಾರೆಂದು ಹೇಳಿಕೊಳ್ಳುತ್ತದೆ. ಸೀರಿಯಲ್ ಮೌಸನ್ನು ಲಿನಕ್ಸ್ ತಾನಾಗಿ ಹುಡುಕಿಕೊಳ್ಳುವುದಿಲ್ಲ. ಯಾವ ಪೋರ್ಟಿನಲ್ಲಿದೆ, ಯಾವ ಭಾಷೆ ಆಡುತ್ತದೆ ಎಂದು ನಾವೇ ಹೇಳಬೇಕು. ಹಾಗೆ ಹೇಳಲೆಂದೇ ‘ಇನ್‌ಪುಟ್‌ಅಟ್ಯಾಚ್’ ಎಂಬ ಚಿಕ್ಕ ಸಾಧನವಿದೆ. ಆ ಕಾಲದ ಮೌಸುಗಳಲ್ಲಿ ಮೈಕ್ರೋಸಾಫ್ಟ್, ಮೌಸ್ ಸಿಸ್ಟಮ್ಸ್ ಎಂಬ ಎರಡು ಪದ್ಧತಿ ಬಳಕೆಯಲ್ಲಿದ್ದವು. ನನ್ನದರ ಹೊಟ್ಟೆಯ ಕೆಳಗೆ ಅದಕ್ಕಾಗಿಯೇ ಒಂದು ಸ್ವಿಚ್ಚಿದೆ. ಮೊದಲು ತಪ್ಪು ಪದ್ಧತಿ ಹೇಳಿದೆ. ಬಾಣ ಹುಚ್ಚೆದ್ದು ಮೂಲೆಮೂಲೆಗೆ ಹಾರಿತು. ಎರಡನೆಯದನ್ನು ಹೇಳಿದೆ, ಸರಾಗವಾಗಿ ನಡೆಯಿತು. ಪ್ರತಿ ಸಲ ಹೇಳುವ ಕಷ್ಟ ಬೇಡವೆಂದು, ಯಂತ್ರ ಶುರುವಾಗುವಾಗಲೇ ಆ ಸಾಲು ಓಡುವಂತೆ ಬರೆದಿಟ್ಟೆ. ಪುಟ ಸರಿಸುವ ಗಾಲಿ ಇದಕ್ಕಿಲ್ಲ. ನಡುವಿನ ಗುಂಡಿ ಒತ್ತಿಹಿಡಿದು ಮೌಸ್ ಎಳೆದರೆ ಪುಟ ಸರಿಯುವಂತೆ ಮಾಡಿಕೊಂಡೆ. ಹೊಟ್ಟೆಯ ರಬ್ಬರ್ ಗುಂಡು ತೆಗೆದು, ಉರುಳೆಗೆ ಸುತ್ತಿದ್ದ ಕೊಳೆಯನ್ನು ಉಗುರಿನಿಂದ ಕೆರೆದೆ. ಹೊಲಿಗೆ ಯಂತ್ರದ ಬಾಬಿನ್ ಕೇಸಿನಿಂದ ನೂಲಿನ ಜುಂಗು ತೆಗೆಯುವ ನಮಗೆ ಇದು ಯಾವ ದೊಡ್ಡ ವಿದ್ಯೆ?

“ಮುನ್ನೂರು ರೂಪಾಯಿಗೆ ಹೊಸ ಮೌಸ್ ಬರುವಾಗ ಎರಡು ದಿನ ಹಾಳು ಮಾಡಿದಿರಲ್ಲ” ಎಂದರು ಪಕ್ಕದ ಮನೆಯವರು. ಲೆಕ್ಕ ಸರಿ. ಹಳೆಯದೆಲ್ಲ ಚಿನ್ನ ಎಂದು ನಾನೂ ಹೇಳುವುದಿಲ್ಲ; ಬೆಂಬಲ ನಿಂತ ವಿಂಡೋಸನ್ನು ನಾನೇ ಬಿಟ್ಟೆನಲ್ಲ. ಆದರೆ ಒಂದು ವಸ್ತುವಿನ ಆಯಸ್ಸು ಮುಗಿಯಿತೆಂದು ಹೇಳಬೇಕಾದವರು ಯಾರು? ಹೊಸದನ್ನು ಮಾರುವವನೇ?

ನನ್ನ ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕೆಟ್ಟ ಯಂತ್ರದ ಮುಂದೆ ಅವರು ಮೊದಲು ಕೇಳುತ್ತಿದ್ದದ್ದು “ಎಲ್ಲಿ ನಿಂತಿದೆ?” ಎಂದು. “ಎಷ್ಟು ಹಳೆಯದು?” ಎಂದಲ್ಲ. ಆ ಪ್ರಶ್ನೆಯನ್ನು ಅವರು ಅಣ್ಣನಿಗೆ ಕಲಿಸಿದರು, ನನಗೆ ಕಲಿಸಲಿಲ್ಲ. ನಾನು ಬಾಗಿಲಲ್ಲಿ ನಿಂತು ಕಲಿತೆ.

ನಮ್ಮನ್ನು ಬಾಗಿಲಲ್ಲಿ ನಿಲ್ಲಿಸುವ ಅಭ್ಯಾಸ ಈಗಲೂ ಹೋಗಿಲ್ಲ. ಮಿಕ್ಸಿ, ಕುಕ್ಕರು, ಹೊಲಿಗೆ ಯಂತ್ರದ ರಿಪೇರಿಗೆ ಹೋದಾಗ ಯಾರೂ ಯಜಮಾನರನ್ನು ಕೇಳುವುದಿಲ್ಲ. ಕಂಪ್ಯೂಟರ್ ಎಂದೊಡನೆ ಕೇಳುತ್ತಾರೆ. ನಾವೂ “ಅವರು ಬರಲಿ” ಎಂದು ಸುಮ್ಮನಾಗುತ್ತೇವೆ. ತಪ್ಪು ಅಂಗಡಿಯವನದು ಅರ್ಧ, ನಮ್ಮದು ಅರ್ಧ.

ಆದ್ದರಿಂದ ಅಕ್ಕತಂಗಿಯರೇ, ಇನ್ನು ಮುಂದೆ ಯಾರಾದರೂ “ಇದು ಆಗಲ್ಲಮ್ಮ” ಎಂದರೆ “ಯಾಕೆ ಆಗಲ್ಲ?” ಎಂದು ಕೇಳಿ. ಕಾರಣ ಹೇಳಿದರೆ ಕೇಳಿಸಿಕೊಳ್ಳಿ. “ಯಜಮಾನರನ್ನು ಕಳಿಸಿ” ಎಂದರೆ ವಸ್ತುವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬನ್ನಿ. ಅವನಿಗೂ ಗೊತ್ತಿಲ್ಲ ಎಂದೇ ಅದರರ್ಥ.