ಮಾನ ಕಾಯುವವರು, ಹಕ್ಕು ಕೇಳುವವರು

ಹೆಣ್ಣಿನ ಹೆಸರು ಹೇಳಿ ಬೀದಿಗಿಳಿದವರೆಲ್ಲ ಹೆಣ್ಣಿನ ಪರ ಅಲ್ಲ. ಈ ಪಾಠವನ್ನು ಬೆಂಗಳೂರು 1996ರಲ್ಲೇ ಕಲಿಯಬೇಕಿತ್ತು. ಕಲಿಯಲಿಲ್ಲ.

ಆ ವರ್ಷ ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ನಡೆಸಿದ್ದು ಅಮಿತಾಭ್ ಬಚ್ಚನ್ ಅವರ ಕಂಪನಿ. ಬೆನ್ನಿಗೆ ನಿಂತದ್ದು ಜೆ.ಎಚ್. ಪಟೇಲರ ಸರ್ಕಾರ. ಕಾವಲಿಗೆ ಸಾವಿರಾರು ಪೊಲೀಸರು! ವಿರೋಧಿಸಿ ಬೀದಿಗೆ ಬಂದವರಲ್ಲಿ ರೈತರಿದ್ದರು, ವಿಮೋಚನಾದಂಥ ಮಹಿಳಾ ಸಂಘಟನೆಗಳಿದ್ದವು, ಸಂಸ್ಕೃತಿ ರಕ್ಷಕರೂ ಇದ್ದರು.

ಆ ದಿನಗಳ ಮೆರವಣಿಗೆಯಲ್ಲಿ ನಾವೂ ಹೆಜ್ಜೆ ಹಾಕಿದ್ದೆವು. ನಮ್ಮ ಮಾತು ಸರಳ: ಹೆಣ್ಣು ಸರಕಲ್ಲ. 1991ರಲ್ಲಿ ಮಾರುಕಟ್ಟೆಯ ಬಾಗಿಲು ತೆರೆಯಿತು. 1994ರಲ್ಲಿ ಸುಷ್ಮಿತಾ, ಐಶ್ವರ್ಯಾ ಕಿರೀಟ ತೊಟ್ಟರು. ಹಿಂದೆಯೇ ಕ್ರೀಮು, ಪೌಡರಿನ ಕಂಪನಿಗಳು ನಮ್ಮ ಮನೆಗಳಿಗೆ ನುಗ್ಗಿದವು. ಹೆಣ್ಣನ್ನು ಟೇಪು ಹಿಡಿದು ಅಳೆದು ಬೆಲೆ ಕಟ್ಟುವ ಆ ವ್ಯಾಪಾರವನ್ನು ನಾವು ಪ್ರಶ್ನಿಸಿದೆವು.

ಪಕ್ಕದ ರಸ್ತೆಯ ಕೂಗೇ ಬೇರೆ: ನಮ್ಮ ಹೆಣ್ಣುಮಕ್ಕಳ ಮಾನ ಹೋಯಿತು, ಭಾರತೀಯ ಸಂಸ್ಕೃತಿ ಕೆಟ್ಟಿತು! ಪೇದೆಯೊಬ್ಬ ನಮ್ಮನ್ನು ತಡೆದು ಕೇಳಿದ: "ಬೇಡ ಅನ್ನೋರಲ್ಲಿ ನೀವು ಯಾವ ಬೇಡ ಅನ್ನೋರಮ್ಮಾ?" ತಮಾಷೆಗೆ ಕೇಳಿದನೋ ಏನೋ. ಆದರೆ ದೊಡ್ಡ ದೊಡ್ಡವರಿಗೂ ಹೊಳೆಯದ ಪ್ರಶ್ನೆ ಅದು. ಎಷ್ಟೋ ಜನ ಎರಡೂ ಗುಂಪನ್ನು ಒಂದೇ ಹಗ್ಗದಲ್ಲಿ ಕಟ್ಟಿ ಕೈತೊಳೆದುಕೊಂಡರು.

ಕೊನೆಗೆ ಆದದ್ದೇನು? ಈಜುಡುಗೆಯ ಸುತ್ತು ಸೀಷೆಲ್ಸ್ ದ್ವೀಪಕ್ಕೆ ಹೋಯಿತು. ಉಳಿದ ಜಾತ್ರೆ ಇಲ್ಲೇ ನಡೆಯಿತು. ಮಾನವೂ ಉಳಿಯಿತು, ವ್ಯಾಪಾರವೂ ಉಳಿಯಿತು! ನಡುವೆ ಮಧುರೈಯಲ್ಲಿ ಯುವಕನೊಬ್ಬ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ.

ಅದೇ ವರ್ಷಗಳಲ್ಲಿ ಇದೇ ಊರಿನ ಸೊಸೆಯಂದಿರು ಸುಟ್ಟು ಸಾಯುತ್ತಿದ್ದರು. ಕಾಗದದಲ್ಲಿ ಮಾತ್ರ "ಸ್ಟೌ ಸಿಡಿದು ಸಾವು". ಆ ಸಾವುಗಳ ಲೆಕ್ಕ ಹಿಡಿದು ಆಸ್ಪತ್ರೆ, ಠಾಣೆ ಅಲೆದವರು ವಿಮೋಚನಾದ ಹೆಂಗಸರು. ಮಾನದ ಮಾತಾಡಿದವರ ಮೆರವಣಿಗೆ ಆ ವಾರ್ಡಿನ ಬಾಗಿಲಿಗೆ ಬಂದದ್ದನ್ನು ನಾವು ಕಾಣಲಿಲ್ಲ.

ಹಕ್ಕಿನ ಮಾತು ಮರೆತು ಮಾನದ ಮಾತಿಗೆ ತಲೆದೂಗಿದರೆ ಏನಾಗುತ್ತದೆ? 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಕಂಡೆವು. ಸಂಸ್ಕೃತಿಯ ಹೆಸರಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದರು. ದೇಶವೆಲ್ಲ ಟಿವಿಯಲ್ಲಿ ನೋಡಿತು. 2018ರಲ್ಲಿ ಸಾಕ್ಷ್ಯ ಸಾಲದೆಂದು ಆರೋಪಿಗಳು ಖುಲಾಸೆಯಾದರು!

ಇನ್ನೊಂದು ಬೀದಿಯೂ ಇದೆ. 2016ರ ಏಪ್ರಿಲ್ 18. ಬೊಮ್ಮನಹಳ್ಳಿಯ ಹತ್ತಿರ ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಬಂದು ಕೂತರು. ಪಿಎಫ್‌ನ ಪೂರ್ತಿ ಹಣ 58 ವರ್ಷದ ತನಕ ಕೊಡುವುದಿಲ್ಲ ಎಂದಿತ್ತು ಕೇಂದ್ರ ಸರ್ಕಾರ. ಕರೆ ಕೊಟ್ಟ ದೊಡ್ಡ ನಾಯಕರಿಲ್ಲ, ವೇದಿಕೆಯಿಲ್ಲ. ಲಾಠಿ ಬಿತ್ತು. ಮರುದಿನ ಬಸ್ಸುಗಳೂ ಉರಿದವು. ಅದನ್ನು ಯಾರೂ ಮೆಚ್ಚಬೇಕಿಲ್ಲ. ಆದರೆ 19ರಂದೇ ಕೇಂದ್ರ ಆ ನಿಯಮ ಹಿಂತೆಗೆದುಕೊಂಡಿತು. ಆ ಹೆಂಗಸರು ಯಾರಿಂದಲೂ ರಕ್ಷಣೆ ಬೇಡಲಿಲ್ಲ. ಬೆವರು ಸುರಿಸಿ ಕೂಡಿಟ್ಟ ಕಾಸು ಕೇಳಿದರು, ಪಡೆದರು.

ಕನ್ನಡದ ಹುಡುಗ ಹುಡುಗಿಯರೇ, ನಾಳೆ ನಿಮ್ಮ ಕಾಲೇಜಿನ ಗೇಟಿನಲ್ಲಿ, ಬಡಾವಣೆಯ ಸರ್ಕಲ್ಲಿನಲ್ಲಿ ಯಾರೋ ಬಂದು "ನಮ್ಮ ಹೆಣ್ಣುಮಕ್ಕಳಿಗಾಗಿ" ಎಂದು ಕೂಗುತ್ತಾರೆ. ಕೂಗಿಗೆ ದನಿಗೂಡಿಸುವ ಮುನ್ನ ಕೇಳಿ: ಈ ಬೇಡಿಕೆ ಯಾರದು? ಆ ಹೆಣ್ಣುಮಗಳದೋ, ಅವಳ ಕಾವಲಿಗೆ ನಿಂತವರದೋ? ಇದು ಈಡೇರಿದರೆ ಅವಳ ಪಾಲಿಗೆ ಬರುವುದು ಬೀಗವೋ, ಬೀಗದ ಕೈಯೋ?

ಕೂಗುವವರ ಹೆಗಲ ಮೇಲೆ ಅರಿಶಿನ ಕುಂಕುಮದ ಕನ್ನಡ ಶಾಲು ಇದ್ದರೂ ಬಿಡಬೇಡಿ. ಅವರನ್ನೂ ಇದೇ ಪ್ರಶ್ನೆ ಕೇಳಿ!