ಚಾರ್ಜರ್ ಅಂದ್ರೆ ಟಿಸಿ ಅಲ್ಲ ಸ್ವಾಮಿ

ನಮ್ಮ ಪಾಂಡವಪುರ, ಕೆ.ಆರ್. ಪೇಟೆ ಕಡೆ ಟ್ರಾನ್ಸ್‌ಫಾರ್ಮರ್ ಅಂದ್ರೆ ಮೊದಲು ನೆನಪಾಗೋದು ಪಂಪ್‌ಸೆಟ್ಟಿಗೆ ಕರೆಂಟ್ ಕೊಡೋ ಟಿಸಿ. ಲೋಡ್ ಜಾಸ್ತಿಯಾಗಿ 25 ಕೆವಿಎ ಸುಟ್ಟರೆ 63 ಹಾಕಿಸಿ ಅಂತ ಕೇಳೋದು ಸರಿಯೇ. ಪಂಪುಗಳು ತಮಗೆ ಬೇಕಾದಷ್ಟೇ ಎಳೀತವೆ.

ಇದೇ ಲೆಕ್ಕಾನ ಬಡಗಿಗಳ ಕಾರ್ಡ್‌ಲೆಸ್ ಡ್ರಿಲ್ಲಿನ ಚಾರ್ಜರಿಗೂ ಹಾಕ್ತಾರಲ್ಲ, ಅದಕ್ಕೇ ನನ್ನ ತಕರಾರು. ಹಳೇ ಅಗ್ಗದ ನಿಕಲ್-ಕ್ಯಾಡ್ಮಿಯಂ ಚಾರ್ಜರುಗಳಲ್ಲಿ ಎಷ್ಟೋ ಸಲ ಕರೆಂಟಿಗೆ ಕಡಿವಾಣ ಹಾಕೋ ಸರ್ಕ್ಯೂಟೇ ಇರಲ್ಲ. ಟ್ರಾನ್ಸ್‌ಫಾರ್ಮರಿನ ಸಣಕಲು ಸುರುಳಿಯೇ ಆ ಕಡಿವಾಣ! 400 ಮಿಲಿಆಂಪಿನ ಜಾಗಕ್ಕೆ 2 ಆಂಪಿಂದು ಕೂರಿಸಿದ್ರೆ ಬ್ಯಾಟರಿ ಕಾದು ಕೆಡುತ್ತೆ.

"12 ವೋಲ್ಟ್ ಬ್ಯಾಟರಿ, 12 ವೋಲ್ಟಿಂದೇ ಕೊಡಿ" ಅನ್ನೋದು ಇನ್ನೊಂದು. ಒಳಗಿರೋದು 1.2 ವೋಲ್ಟಿನ 10 ಸೆಲ್ಲು, ತುಂಬೋ ಹೊತ್ತಿಗೆ 14-15 ವೋಲ್ಟ್ ಮುಟ್ಟುತ್ತೆ. ಬ್ಯಾಟರಿ ನೋಡೋದು ಬಿಡಿ, ಸುಟ್ಟ ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದಿರೋ ಔಟ್‌ಪುಟ್ ಓದಿ. ಎಸಿನೋ ಡಿಸಿನೋ, ಎಷ್ಟು ವೋಲ್ಟ್, ಎಷ್ಟು ಮಿಲಿಆಂಪ್... ಮೂರೂ ಹೊಂದೋದನ್ನೇ ತನ್ನಿ. ಡಿಸಿ ಆದ್ರೆ ಪ್ಲಸ್ಸು ಮೈನಸ್ಸು ಕೂಡ. ಊರಲ್ಲಿ ಸಿಗದಿದ್ರೆ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ.

ಥರ್ಮಲ್ ಫ್ಯೂಸ್ ಹೋಗಿದೆ ಅಂತ ಅದರ ಜಾಗಕ್ಕೆ ತಂತಿ ಸುತ್ತಿ ಕೊಡೋ ರಿಪೇರಿಯವರಿಗಂತೂ ದೊಡ್ಡ ನಮಸ್ಕಾರ. ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಪಕ್ಕದಲ್ಲೇ ಮಲಗೋದು ಬಡಗಿ, ಅವರಲ್ಲ. ಲಿಥಿಯಂ ಅಯಾನ್ ಬ್ಯಾಟರಿಯಾದ್ರೆ ಈ ಸಾಹಸವೇ ಬೇಡ. ಸಾಮಾನ್ಯವಾಗಿ ಅದರ ಒಂದೊಂದು ಸೆಲ್ಲೂ 4.2 ವೋಲ್ಟ್ ದಾಟಬಾರದು, ಕಂಪನಿ ಚಾರ್ಜರೇ ತಗೊಳ್ಳಿ.